ಎಚ್ಚರಿಕೆಯ ಕರ್ತವ್ಯವೂ ಅದರ ಎಲ್ಲೆಯೂ

೧

ಒಬ್ಬನ ಅಲಕ್ಷ್ಯದಿಂದ ಮತ್ತೊಬ್ಬನಿಗೆ ಕೇಡುಂಟಾದರೆ ಆ ಕೇಡನ್ನು ಅಲಕ್ಷ್ಯ ಮಾಡಿದವನೇ ತುಂಬಿಕೊಡಬೇಕೆಂಬುದು ಲೋಕದಲ್ಲಿ ಎಲ್ಲರೂ ತಟ್ಟನೆ ಒಪ್ಪುವ ಮಾತು. ಆದರೆ ಬ್ರಿಟಿಷ್ ನ್ಯಾಯಸ್ಥಾನಗಳು ಇದನ್ನು ಇಷ್ಟು ವಿಶಾಲವಾದ ರೂಪದಲ್ಲಿ ಎಂದೂ ಒಪ್ಪಿದುದಿಲ್ಲ. ಅಲಕ್ಷ್ಯವು ನಡೆದುದು ನಿಜ, ಅದರಿಂದ ನಷ್ಟವಾದುದೂ ನಿಜ ಎಂದು ತೋರಿದರೂ ಸಾಲದು. ಇವೆರಡಕ್ಕೂ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ದೊರೆಯಬೇಕು. ಪ್ರತಿವಾದಿಯು ಈ ವಾದಿಯ ವಿಷಯದಲ್ಲಿ ಎಚ್ಚರಿಕೆಯಿಂದ ನಡೆದುಕೊಳ್ಳತಕ್ಕ ಕರ್ತವ್ಯಕ್ಕೆ ಒಳಗಾಗಿದ್ದನೇ ಎಂಬುದೇ ಆ ಪ್ರಶ್ನೆ. ಕರ್ತವ್ಯವಿಲ್ಲದ ಕಡೆ ಅಲಕ್ಷ್ಯವು ಎಷ್ಟೇ ಘೋರವಾಗಿದ್ದರೂ ಅದು ನೀತಿಯ ದೋಷವಾದೀತಲ್ಲದೆ ನ್ಯಾಯಸ್ಥಾನದಲ್ಲಿ ದಾವೆಗೆ ಕಾರಣವಾಗಲಾರದು.

ಈ ತತ್ತ್ವದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ೧೯೩೨ನೆಯ ಇಸವಿಯಿಂದ ಆರಂಭಿಸುತ್ತಾರೆ. ಆ ವರ್ಷ ಲಾರ್ಡ್ ಆಟ್ಕಿನ್ ಎಂಬ ನ್ಯಾಯಾಧಿಪತಿಯು ಒಂದು ಸೀಸೆಯ ಪಾನೀಯದ ವ್ಯಾಜ್ಯದಲ್ಲಿ ಕ್ರಿಸ್ತನ ಸಾಮತಿಯೊಂದನ್ನು ನೆನೆದು ನ್ಯಾಯಕ್ಕೆ ಹೊಸ ಕರುಣೆಯನ್ನು ತುಂಬಿದನೆಂದೂ, ಅದಕ್ಕೆ ಹಿಂದಿನ ನ್ಯಾಯಾಧಿಪತಿಗಳು ಕಠಿನಹೃದಯರಾಗಿದ್ದರೆಂದೂ ಹೇಳುವುದು ವಾಡಿಕೆಯಾಗಿದೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಹಳೆಯ ತೀರ್ಪುಗಳನ್ನು ಕ್ರಮವಾಗಿ ಓದಿದರೆ ತೋರುವುದು ಬೇರೊಂದು ಚಿತ್ರ. ಗಾಯಗೊಂಡವನು ಮರುಕಕ್ಕೆ ಪಾತ್ರನೇ ಅಲ್ಲವೇ ಎಂಬುದು ಈ ತೀರ್ಪುಗಳಲ್ಲಿ ಎಂದೂ ವಿವಾದವಾಗಿರಲಿಲ್ಲ. ಒಮ್ಮೆ ಬಾಗಿಲನ್ನು ತೆರೆದರೆ ಅದನ್ನು ಎಲ್ಲಿ ಮುಚ್ಚಬೇಕೆಂಬುದೇ ವಿವಾದವಾಗಿತ್ತು. ೧೮೪೨ರಿಂದ ಇಂದಿನವರೆಗೆ ಈ ಶಾಖೆಯ ಇತಿಹಾಸವು ಎಲ್ಲೆಯನ್ನು ಹುಡುಕುವ ಇತಿಹಾಸವೇ ಎಂಬುದನ್ನೂ, ಆಟ್ಕಿನ್ನನ ಹಿರಿಮೆಯು ಹಳೆಯ ಎಲ್ಲೆಯನ್ನು ಕಿತ್ತುದರಲ್ಲಿ ಮಾತ್ರವಲ್ಲದೆ ಅದರ ಸ್ಥಾನದಲ್ಲಿ ಇನ್ನೊಂದನ್ನು ನೆಟ್ಟುದರಲ್ಲಿದೆ ಎಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ೧೮೪೨ರ ವಿಂಟರ್‌ಬಾಟಂ ಮತ್ತು ರೈಟ್ ಎಂಬುವರ ವ್ಯಾಜ್ಯವನ್ನು ನೋಡೋಣ. ರೈಟ್ ಎಂಬವನು ಅಂಚೆಯ ಗಾಡಿಗಳನ್ನು ಒದಗಿಸಿ ಅವುಗಳನ್ನು ಸುಸ್ಥಿತಿಯಲ್ಲಿಡುವುದಾಗಿ ಪೋಸ್ಟ್‌ಮಾಸ್ಟರ್ ಜನರಲ್ಲನೊಡನೆ ಕರಾರು ಮಾಡಿಕೊಂಡಿದ್ದನು. ಆ ಗಾಡಿಗಳಿಗೆ ಕುದುರೆಗಳನ್ನೂ ಸಾರಥಿಗಳನ್ನೂ ಒದಗಿಸುವುದಾಗಿ ಬೇರೊಬ್ಬನು ಬೇರೊಂದು ಕರಾರಿಗೆ ಒಳಪಟ್ಟಿದ್ದನು. ವಿಂಟರ್‌ಬಾಟಂ ಈ ಎರಡನೆಯವನ ಸಂಬಳಕ್ಕಿದ್ದ ಸಾರಥಿ. ಹಾರ್ಟ್‌ಫರ್ಡಿನಿಂದ ಹಾಲಿಹೆಡ್ಡಿಗೆ ಹೋಗುವ ಅಂಚೆಯ ಗಾಡಿಯನ್ನು ಅವನು ಹೊಡೆಯುತ್ತಿದ್ದಾಗ ಗಾಡಿಯು ಮುರಿದುಬಿದ್ದಿತು. ಅವನು ಕೆಳಗೆ ಬಿದ್ದು ಜೀವಮಾನಪರ್ಯಂತ ಕುಂಟನಾದನು. ಗಾಡಿಯಲ್ಲಿ ಒಳದೋಷವಿತ್ತೆಂದೂ, ರೈಟನು ಅದನ್ನು ನೋಡಿಕೊಳ್ಳತಕ್ಕ ಕೆಲಸವನ್ನು ಅಲಕ್ಷ್ಯಮಾಡಿದನೆಂದೂ ಅವನು ದಾವೆ ಹೂಡಿದನು.

ಎಕ್ಸ್‌ಚೆಕರ್ ನ್ಯಾಯಸ್ಥಾನವು ಈ ದಾವೆಯನ್ನು ವಜಾಮಾಡಿತು. ರೈಟನು ಮಾತುಕೊಟ್ಟುದು ಪೋಸ್ಟ್‌ಮಾಸ್ಟರ್ ಜನರಲ್ಲನಿಗೆ, ಸಾರಥಿಗಲ್ಲ. ಕರಾರಿನಲ್ಲಿ ಭಾಗಿಯಲ್ಲದವನು ಆ ಕರಾರಿನ ಭಂಗವನ್ನು ಹಿಡಿದು ದಾವೆಹೂಡಲಾರನು. ಇದು ತೀರ್ಪಿನ ಹೊರಮೈ. ಒಳಗಿನ ಭಯವನ್ನು ಲಾರ್ಡ್ ಅಬಿಂಜರ್ ಬಿಚ್ಚಿಹೇಳಿದನು: ಸಾರಥಿಗೆ ಈ ಹಕ್ಕನ್ನು ಕೊಟ್ಟರೆ ಗಾಡಿಯಲ್ಲಿ ಕುಳಿತ ಪ್ರತಿಯೊಬ್ಬ ಪ್ರಯಾಣಿಕನೂ, ಗಾಡಿಯು ಮಗುಚಿಬಿದ್ದಾಗ ದಾರಿಯಲ್ಲಿ ಹೋಗುತ್ತಿದ್ದು ಪೆಟ್ಟುತಿಂದ ಯಾವನೇ ಆಗಲಿ, ಇಂಥದೇ ದಾವೆಯನ್ನು ತರಬಹುದು, ಅದಕ್ಕೆ ಮಿತಿಯೇ ಕಾಣದು. ನ್ಯಾಯಾಧಿಪತಿ ಆಲ್ಡರ್‌ಸನ್ ಇದನ್ನೇ ಇನ್ನೂ ಚುಟುಕಾಗಿ ಹೇಳಿದನು. ಕರಾರು ಮಾಡಿಕೊಂಡವರಿಗೆ ಮಾತ್ರ ಹಕ್ಕನ್ನು ಕೊಡುವುದೇ ಕ್ಷೇಮವಾದ ನಿಯಮ. ಅದನ್ನು ದಾಟಿ ಒಂದು ಹೆಜ್ಜೆ ಇಟ್ಟರೆ ಐವತ್ತು ಹೆಜ್ಜೆ ಏಕೆ ಇಡಬಾರದೆಂಬುದಕ್ಕೆ ಕಾರಣವಿಲ್ಲವೆಂದು ಅವನ ಅಭಿಪ್ರಾಯ. ಈ ಐವತ್ತು ಹೆಜ್ಜೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮೂರನೆಯ ನ್ಯಾಯಾಧಿಪತಿ ರಾಲ್ಫ್ ಮಾತ್ರ ವಾದಿಯ ಸ್ಥಿತಿಯು ಕಷ್ಟತರವಾದುದೆಂದು ಒಪ್ಪಿಕೊಂಡು, ಇಂಥ ಕಷ್ಟದ ಸಂದರ್ಭಗಳೇ ಕೆಟ್ಟ ನ್ಯಾಯವನ್ನು ಹುಟ್ಟಿಸುವುವೆಂದು ಎಚ್ಚರಿಸಿದನು. ಮರುಕವು ಇತ್ತು, ಆದರೆ ಎಲ್ಲೆಯಿಲ್ಲದ ಹೊಣೆಯ ಭಯವು ಅದಕ್ಕಿಂತ ದೊಡ್ಡದಾಗಿತ್ತು.

ಈ ವಾದದಲ್ಲಿ ಒಂದು ತಪ್ಪೂ ಒಂದು ಸರಿಯೂ ಬೆರೆತಿವೆ. ಒಬ್ಬನೊಡನೆ ಕರಾರಿದ್ದ ಮಾತ್ರಕ್ಕೆ ಉಳಿದವರ ವಿಷಯದಲ್ಲಿ ಯಾವ ಕರ್ತವ್ಯವೂ ಇರಲಾರದೆಂದು ತಿಳಿದುದು ತಪ್ಪು. ಕರಾರಿನಿಂದ ಹುಟ್ಟುವ ಕರ್ತವ್ಯವು ಬೇರೆ, ಜನರ ನಡುವೆ ಅಪಾಯಕರವಾದ ವಸ್ತುವನ್ನು ಬಿಡುವುದರಿಂದ ಹುಟ್ಟುವ ಕರ್ತವ್ಯವು ಬೇರೆ. ಆದರೆ ಎಲ್ಲೆಯೊಂದು ಬೇಕೆಂದು ಅವರು ಹೇಳಿದುದು ತಪ್ಪಲ್ಲ. ಅವರ ಕೈಗೆ ಸಿಕ್ಕಿದ ಎಲ್ಲೆ ಕರಾರು ಒಂದೇ. ಅದನ್ನೇ ಗೋಡೆಯಾಗಿ ಕಟ್ಟಿದರು.

೩

ಗೋಡೆಯು ಕಟ್ಟುವ ಮೊದಲೇ ಬಿರುಕುಬಿಟ್ಟಿತ್ತು. ೧೮೩೭ರ ಲ್ಯಾಂಗ್ರಿಜ್ ಮತ್ತು ಲೆವಿಯ ವ್ಯಾಜ್ಯದಲ್ಲಿ ತಂದೆಯೊಬ್ಬನು ತನಗೂ ತನ್ನ ಮಕ್ಕಳಿಗೂ ಬೇಕೆಂದು ಹೇಳಿ ಬಂದೂಕವೊಂದನ್ನು ಕೊಂಡನು. ಅದು ಪ್ರಖ್ಯಾತನಾದ ಕಮ್ಮಾರನು ಮಾಡಿದುದೆಂದು ಮಾರುವವನು ಸುಳ್ಳು ಹೇಳಿದ್ದನು. ಬಂದೂಕವು ಮಗನ ಕೈಯಲ್ಲಿ ಸಿಡಿದು ಅವನ ಕೈ ಹಾಳಾಯಿತು. ಕರಾರು ತಂದೆಯದು, ಗಾಯ ಮಗನದು. ನ್ಯಾಯಸ್ಥಾನವು ಮಗನಿಗೆ ಪರಿಹಾರವನ್ನು ಕೊಟ್ಟಿತಾದರೂ ಅದಕ್ಕೆ ಆಧಾರವೆಂದು ಹೇಳಿದುದು ಅಲಕ್ಷ್ಯವನ್ನಲ್ಲ, ವಂಚನೆಯನ್ನು.

೧೮೬೯ರ ಜಾರ್ಜ್ ಮತ್ತು ಸ್ಕಿವಿಂಗ್ಟನ್ ಎಂಬ ವ್ಯಾಜ್ಯದಲ್ಲಿ ವಂಚನೆಯ ಆಸರೆಯೂ ಇರಲಿಲ್ಲ. ಔಷಧವ್ಯಾಪಾರಿಯೊಬ್ಬನು ತಾನೇ ತಯಾರಿಸಿದ ಕೂದಲು ತೊಳೆಯುವ ದ್ರವವನ್ನು ಗಂಡನಿಗೆ ಮಾರಿದನು. ಅದು ಹೆಂಡತಿಗಾಗಿಯೇ ಎಂದು ಅವನಿಗೆ ತಿಳಿದಿತ್ತು. ಹಚ್ಚಿಕೊಂಡ ಹೆಂಡತಿಗೆ ಕೇಡಾಯಿತು. ಅವಳು ದಾವೆಹೂಡಬಹುದೆಂದು ಎಕ್ಸ್‌ಚೆಕರ್ ನ್ಯಾಯಸ್ಥಾನವೇ ನಿರ್ಣಯಿಸಿತು. ಈ ನಿರ್ಣಯವನ್ನು ಮುಂದಿನ ನ್ಯಾಯಾಧಿಪತಿಗಳು ಹೇಗೆ ವಿವರಿಸಬೇಕೆಂದು ತಿಳಿಯದೆ ಬಹುಕಾಲ ಮೂಲೆಗಿಟ್ಟರು.

೧೮೮೩ರಲ್ಲಿ ಹೆವನ್ ಮತ್ತು ಪೆಂಡರ್ ಎಂಬುವರ ವ್ಯಾಜ್ಯವು ಬಂದಿತು. ಹಡಗಿಗೆ ಬಣ್ಣ ಹಚ್ಚುವ ಕೆಲಸಗಾರನೊಬ್ಬನು ಹಡಗುಕಟ್ಟೆಯ ಒಡೆಯನು ಒದಗಿಸಿದ ಅಟ್ಟಣೆಯ ಮೇಲೆ ನಿಂತಿದ್ದಾಗ, ಮೊದಲೇ ಸುಟ್ಟು ಸತ್ತ್ವಗೆಟ್ಟಿದ್ದ ಹಗ್ಗವು ಹರಿದು ಕೆಳಕ್ಕೆ ಬಿದ್ದನು. ಅವನಿಗೂ ಹಡಗುಕಟ್ಟೆಯ ಒಡೆಯನಿಗೂ ಕರಾರಿರಲಿಲ್ಲ. ಮೂವರು ನ್ಯಾಯಾಧಿಪತಿಗಳೂ ಅವನಿಗೆ ಜಯವಿತ್ತರು. ಆದರೆ ಅವರಲ್ಲಿ ಹಿರಿಯನಾದ ಬ್ರೆಟ್ ಇದಕ್ಕೆ ಒಂದು ಸಾಮಾನ್ಯ ಸೂತ್ರವನ್ನೇ ಹೇಳಹೊರಟನು. ತಾನು ಎಚ್ಚರಿಕೆಯಿಂದ ವರ್ತಿಸದಿದ್ದರೆ ಇನ್ನೊಬ್ಬನ ದೇಹಕ್ಕೋ ಸ್ವತ್ತಿಗೋ ಅಪಾಯವುಂಟಾಗುವುದೆಂದು ಸಾಮಾನ್ಯ ತಿಳಿವಳಿಕೆಯುಳ್ಳವನಿಗೆ ತೋರುವ ಪ್ರತಿಯೊಂದು ಸಂದರ್ಭದಲ್ಲಿಯೂ ಕರ್ತವ್ಯವು ಹುಟ್ಟುವುದೆಂಬುದು ಆ ಸೂತ್ರದ ಸಾರ. ಉಳಿದಿಬ್ಬರು ಈ ಸೂತ್ರಕ್ಕೆ ತಮ್ಮ ಹೆಸರನ್ನು ಸೇರಿಸಲು ಒಪ್ಪದೆ, ಹೆಚ್ಚು ಕಿರಿದಾದ ಕಾರಣದ ಮೇಲೆ ಅದೇ ತೀರ್ಪನ್ನು ಕೊಟ್ಟರು. ಹತ್ತು ವರ್ಷಗಳ ತರುವಾಯ, ಲಾರ್ಡ್ ಈಷರ್ ಎಂಬ ಪದವಿಯನ್ನು ಹೊಂದಿದ್ದ ಅದೇ ಬ್ರೆಟ್ಟನು ೧೮೯೩ರ ಲಿ ಲೀವ್ರ್ ಮತ್ತು ಗೋಲ್ಡ್ ವ್ಯಾಜ್ಯದಲ್ಲಿ ತನ್ನ ಸೂತ್ರಕ್ಕೆ ತಾನೇ ಕಡಿವಾಣ ಹಾಕಿದನು. ಮನೆಯ ಕಟ್ಟಡವು ಎಷ್ಟು ಮುಂದುವರಿದಿದೆಯೆಂಬುದರ ಬಗೆಗೆ ಸರ್ವೇಯರನೊಬ್ಬನು ಅಲಕ್ಷ್ಯದಿಂದ ತಪ್ಪು ಪ್ರಮಾಣಪತ್ರಗಳನ್ನು ಬರೆದುಕೊಟ್ಟಿದ್ದನು. ಅವುಗಳನ್ನು ನಂಬಿ ಸಾಲಕೊಟ್ಟವರು ಹಣವನ್ನು ಕಳೆದುಕೊಂಡರು. ಅವರ ವಿಷಯದಲ್ಲಿ ಅವನಿಗೆ ಕರ್ತವ್ಯವಿರಲಿಲ್ಲವೆಂದು ತೀರ್ಮಾನವಾಯಿತು. ಸೂತ್ರವು ವಿಶಾಲವಾಗಿತ್ತು, ಅದು ಎಲ್ಲಿ ನಿಲ್ಲುವುದೆಂದು ಮಾತ್ರ ಅದರಲ್ಲಿ ಹೇಳಿರಲಿಲ್ಲ. ಈ ಕೊರತೆಯೇ ಮುಂದಿನ ನಲವತ್ತು ವರ್ಷಗಳ ಕಾಲ ಅದನ್ನು ಮೂಕವಾಗಿಸಿತು.

ಅಷ್ಟರಲ್ಲಿ ಅಟ್ಲಾಂಟಿಕ್ಕಿನ ಆಚೆ ಬೆಳವಣಿಗೆಯು ಮುಂದೆ ಸಾಗಿತ್ತು. ನ್ಯೂಯಾರ್ಕಿನ ನ್ಯಾಯಸ್ಥಾನವು ೧೮೫೨ರಷ್ಟು ಹಿಂದೆಯೇ, ಬೆಲಡೋನ ಎಂಬ ವಿಷಕ್ಕೆ ನಿರಪಾಯಕರವಾದ ಗಿಡಮೂಲಿಕೆಯ ಹೆಸರಿನ ಚೀಟಿಯನ್ನು ಅಂಟಿಸಿ ಮಾರಾಟಕ್ಕೆ ಬಿಟ್ಟವನು, ಅದು ಎಷ್ಟು ಅಂಗಡಿಗಳನ್ನು ದಾಟಿ ಹೋಗಿದ್ದರೂ, ಕುಡಿದವಳಿಗೆ ಹೊಣೆಯೆಂದು ಹೇಳಿತ್ತು. ೧೯೧೬ರಲ್ಲಿ ಬ್ಯೂಯಿಕ್ ಮೋಟಾರು ಕಂಪೆನಿಯ ಮೇಲೆ ಮ್ಯಾಕ್‌ಫರ್ಸನ್ ಎಂಬವನು ತಂದ ದಾವೆಯಲ್ಲಿ ನ್ಯಾಯಾಧಿಪತಿ ಕಾರ್ಡೋಜೊ ಇದನ್ನು ಇನ್ನೂ ವಿಸ್ತರಿಸಿದನು. ಚಕ್ರದ ಮರದ ಅರಗಳು ಪುಡಿಯಾಗಿ ಕಾರು ಉರುಳಿತ್ತು. ಕಾರನ್ನು ಅವನು ಕೊಂಡಿದ್ದುದು ವ್ಯಾಪಾರಿಯಿಂದಲೇ ಹೊರತು ಕಂಪೆನಿಯಿಂದಲ್ಲ. ಅಲಕ್ಷ್ಯದಿಂದ ಮಾಡಿದರೆ ಅಪಾಯಕರವಾಗುವ ಯಾವ ವಸ್ತುವೇ ಆಗಲಿ, ಕೊಂಡವನಲ್ಲದೆ ಬೇರೆಯವರು ಪರೀಕ್ಷೆಮಾಡದೆ ಅದನ್ನು ಬಳಸುವರೆಂದು ತಿಳಿದಿದ್ದರೆ, ತಯಾರಕನು ಎಚ್ಚರಿಕೆಗೆ ಬದ್ಧನೆಂದು ಅವನು ನಿರ್ಣಯಿಸಿದನು. ಕುದುರೆಗಾಡಿಯ ಕಾಲದ ಪೂರ್ವನಿರ್ಣಯಗಳು ಇಂದಿನ ಪ್ರಯಾಣಕ್ಕೆ ಹೊಂದಲಾರವೆಂದೂ ಹೇಳಿದನು. ವಿಂಟರ್‌ಬಾಟಮ್ಮನ ಮುರಿದ ಗಾಡಿಗೆ ಇದು ಮುಕ್ಕಾಲು ಶತಮಾನದ ತರುವಾಯ ಬಂದ ಉತ್ತರ.

೪

ಈಗ ೧೯೨೮ನೆಯ ಇಸವಿ ಆಗಸ್ಟ್ ೨೬ನೆಯ ದಿನಕ್ಕೆ ಬರೋಣ. ಗ್ಲಾಸ್ಗೊ ನಗರದಲ್ಲಿದ್ದ ಮೇ ಡಾನಹ್ಯೂ ಎಂಬ ಬಡ ಹೆಂಗಸು ಸಮೀಪದ ಪೇಸ್ಲಿ ಪಟ್ಟಣಕ್ಕೆ ಹೋಗಿ, ಅಲ್ಲಿ ಮಿಂಗೆಲ್ಲ ಎಂಬವನ ವೆಲ್‌ಮೆಡೊ ಎಂಬ ಹೋಟಲಿನಲ್ಲಿ ಗೆಳತಿಯೊಡನೆ ಕುಳಿತಳು. ತಿಂಡಿಗೆ ಹಣ ಕೊಟ್ಟವಳು ಗೆಳತಿ. ಡಾನಹ್ಯೂವಿಗೆ ಐಸ್‌ಕ್ರೀಮೂ ಅದರ ಮೇಲೆ ಸುರಿದುಕೊಳ್ಳುವುದಕ್ಕೆ ಜಿಂಜರ್ ಬಿಯರ್ ಎಂಬ ಶುಂಠಿಯ ಪಾನೀಯವೂ ಬಂದುವು. ಸೀಸೆಯು ಕಂದುಬಣ್ಣದ್ದು, ಒಳಗಿನದು ಹೊರಗೆ ಕಾಣುತ್ತಿರಲಿಲ್ಲ. ತಯಾರಿಸಿ ಮುಚ್ಚಳ ಹಾಕಿದವನು ಪೇಸ್ಲಿಯ ಡೇವಿಡ್ ಸ್ಟೀವನ್‌ಸನ್. ಅವಳು ಸ್ವಲ್ಪ ಕುಡಿದ ಮೇಲೆ ಗೆಳತಿಯು ಉಳಿದುದನ್ನು ಸುರಿದಾಗ ಕೊಳೆತ ಬಸವನಹುಳುವಿನ ಅವಶೇಷವು ತೇಲಿಬಂದಿತೆಂದೂ, ಆ ಅಸಹ್ಯದಿಂದಲೂ ಕುಡಿದುದರಿಂದಲೂ ತನಗೆ ಹೊಟ್ಟೆಯ ಬೇನೆ ಹಿಡಿಯಿತೆಂದೂ ಅವಳ ದೂರು.

ಅವಳ ಕಾನೂನಿನ ಸ್ಥಿತಿಯು ವಿಚಿತ್ರವಾಗಿತ್ತು. ಹೋಟಲಿನವನೊಡನೆ ಕರಾರು ಇದ್ದುದು ಗೆಳತಿಗೆ, ಅವಳಿಗೆ ಕೇಡಾಗಲಿಲ್ಲ. ಕೇಡಾದುದು ಡಾನಹ್ಯೂವಿಗೆ, ಅವಳಿಗೆ ಯಾರೊಡನೆಯೂ ಕರಾರಿರಲಿಲ್ಲ. ಹೋಟಲಿನವನಲ್ಲಿ ಅಲಕ್ಷ್ಯವೂ ಇಲ್ಲ, ಮುಚ್ಚಿದ ಸೀಸೆಯ ಒಳಗನ್ನು ಅವನು ನೋಡುವಂತೆಯೇ ಇರಲಿಲ್ಲ. ಹೀಗೆ ಅಲಕ್ಷ್ಯವಿದ್ದ ಕಡೆ ಕರಾರಿಲ್ಲ, ಕರಾರಿದ್ದ ಕಡೆ ಅಲಕ್ಷ್ಯವಿಲ್ಲ. ಹಿಂದೆ ಜನರು ತಾವು ತಿನ್ನುವ ರೊಟ್ಟಿಯನ್ನು ಸುಟ್ಟವನಿಂದಲೇ, ತೊಡುವ ಜೋಡನ್ನು ಹೊಲಿದವನಿಂದಲೇ ಕೊಳ್ಳುತ್ತಿದ್ದಾಗ ಇಂಥ ಸಂದಿಯು ಅಪೂರ್ವವಾಗಿತ್ತು. ಕಾರ್ಖಾನೆಯಲ್ಲಿ ಮುಚ್ಚಿ ಮೊಹರು ಮಾಡಿದ ಸರಕು ಕೈಯಿಂದ ಕೈಗೆ ಹೋಗತೊಡಗಿದ ಮೇಲೆ ಈ ಸಂದಿಯೇ ರಾಜಮಾರ್ಗವಾಯಿತು. ಕರಾರಿನ ಗೋಡೆಯು ಸಡಿಲವಾದುದಕ್ಕೆ ಮುಖ್ಯ ಕಾರಣವನ್ನು ನ್ಯಾಯಾಧಿಪತಿಗಳ ಮನಸ್ಸಿಗಿಂತ ಹೆಚ್ಚಾಗಿ ಈ ಸೀಸೆಯ ಮುಚ್ಚಳದಲ್ಲಿಯೇ ಹುಡುಕಬೇಕು.

ಅವಳ ವಕೀಲ ವಾಲ್ಟರ್ ಲೀಚ್‌ಮನ್ ಈ ವಿಷಯಕ್ಕೆ ಹೊಸಬನಲ್ಲ. ಜಿಂಜರ್ ಬಿಯರಿನ ಸೀಸೆಯಲ್ಲಿ ಸತ್ತ ಇಲಿಯಿತ್ತೆಂಬ ದೂರಿನ ಮೇಲೆ ಬೇರೊಂದು ಕಂಪೆನಿಯ ವಿರುದ್ಧ ಅವನು ನಡಸಿದ್ದ ದಾವೆಗಳು ಸ್ಕಾಟ್ಲೆಂಡಿನ ಉಚ್ಚ ನ್ಯಾಯಸ್ಥಾನದಲ್ಲಿ ೧೯೨೯ರ ಮಾರ್ಚಿಯಲ್ಲಿ ಸೋತಿದ್ದುವು. ಮರುತಿಂಗಳೇ ಅವನು ಡಾನಹ್ಯೂವಿನ ಪರವಾಗಿ ೫೦೦ ಪೌಂಡುಗಳ ಪರಿಹಾರವನ್ನು ಕೇಳಿ ದಾವೆಹೂಡಿದನು. ೧೯೩೦ರ ಜೂನಿನಲ್ಲಿ ಲಾರ್ಡ್ ಮಾಂಕ್ರೀಫ್ ಅವಳ ಪರವಾಗಿ ಹೇಳಿದನು. ನವೆಂಬರಿನಲ್ಲಿ ಮೇಲಿನ ಪೀಠವು, ಒಬ್ಬ ನ್ಯಾಯಾಧಿಪತಿಯ ಭಿನ್ನಾಭಿಪ್ರಾಯವಿದ್ದರೂ, ಇಲಿಯ ವ್ಯಾಜ್ಯದ ನಿರ್ಣಯವನ್ನೇ ಅನುಸರಿಸಿ ಅದನ್ನು ತಿರುವಿಹಾಕಿತು. ಉಳಿದುದು ಲಂಡನ್ನಿನ ಲಾರ್ಡ್ಸ್ ಸಭೆ ಒಂದೇ. ಅಲ್ಲಿ ಸೋತರೆ ಎದುರುಕಕ್ಷಿಯ ಖರ್ಚು ತಲೆಯ ಮೇಲೆ ಬೀಳುವುದು. ಪ್ರಪಂಚದಲ್ಲಿ ತನ್ನದೆಂದು ೫ ಪೌಂಡು ಬೆಲೆಬಾಳುವ ಆಸ್ತಿಯೂ ಇಲ್ಲವೆಂದು ಅವಳು ಪ್ರಮಾಣಮಾಡಿ ಬಿನ್ನವಿಸಿಕೊಂಡಳು. ದರಿದ್ರವಾದಿಯೆಂದು ಸಭೆಯು ಅವಳಿಗೆ ಅಪ್ಪಣೆಕೊಟ್ಟಿತು. ಈ ಅಪ್ಪಣೆಯು ದೊರೆಯದಿದ್ದರೆ ಮುಂದೆ ಹೇಳುವ ತೀರ್ಪು ಅವಳ ಹೆಸರಿನಲ್ಲಿ ಇರುತ್ತಿರಲಿಲ್ಲ.

೫

೧೯೩೨ನೆಯ ಇಸವಿ ಮೇ ೨೬ನೆಯ ದಿನ ತೀರ್ಪು ಹೊರಟಿತು. ಐವರಲ್ಲಿ ಆಟ್ಕಿನ್, ಥ್ಯಾಂಕರ್ಟನ್, ಮ್ಯಾಕ್‌ಮಿಲನ್ ಎಂಬ ಮೂವರು ಅವಳ ಪರವಾಗಿಯೂ, ಬಕ್‌ಮಾಸ್ಟರ್, ಟಾಮ್ಲಿನ್ ಎಂಬ ಇಬ್ಬರು ವಿರೋಧವಾಗಿಯೂ ನಿಂತರು. ಈ ವಿಷಯದಲ್ಲಿ ಸ್ಕಾಟ್ಲೆಂಡಿನ ನ್ಯಾಯವೂ ಇಂಗ್ಲೆಂಡಿನ ನ್ಯಾಯವೂ ಒಂದೇ ಎಂದು ಭಾವಿಸಿಯೇ ವಿಚಾರವು ನಡೆಯಿತು.

ಸೋತ ಪಕ್ಷದ ಮಾತನ್ನು ಮೊದಲು ಕೇಳುವುದು ನ್ಯಾಯ. ಲಾರ್ಡ್ ಬಕ್‌ಮಾಸ್ಟರ್ ೧೮೪೨ರ ತೀರ್ಪಿನ ಗೋಡೆಗೆ ಬೆನ್ನುಕೊಟ್ಟು ನಿಂತನು. ಕೂದಲಿನ ದ್ರವದ ನಿರ್ಣಯವನ್ನು ಮತ್ತೆ ಏಳದಂತೆ ಹೂಳಬೇಕೆಂದನು. ಬಳಿಕ ತೊಂಬತ್ತು ವರ್ಷಗಳ ಹಿಂದಿನ ಆಲ್ಡರ್‌ಸನ್ನನ ದನಿಯೇ ಅವನ ಬಾಯಿಂದ ಬಂದಿತು: ಒಂದು ಹೆಜ್ಜೆಯಾದರೆ ಐವತ್ತೇಕಲ್ಲ? ಕೆಟ್ಟದಾಗಿ ಕಟ್ಟಿದ ಮನೆಯ ಮಾಳಿಗೆಯು ಕುಸಿದು ವಾಸಿಸುವವನಿಗೆ ಪೆಟ್ಟಾದರೂ ಕಟ್ಟಿದವನ ಮೇಲೆ ದಾವೆಯಿಲ್ಲವೆಂಬುದು ಇಂಗ್ಲೆಂಡಿನ ನ್ಯಾಯವಾಗಿರುವಾಗ, ಸೀಸೆಗೆ ಮಾತ್ರ ಬೇರೆ ನಿಯಮವೇಕೆ ಎಂದು ಕೇಳಿದನು. ಈ ಪ್ರಶ್ನೆಯನ್ನು ಹೃದಯಹೀನತೆಯೆಂದು ತಳ್ಳಿಬಿಡುವುದು ಸುಲಭ. ಅದಕ್ಕೆ ಉತ್ತರಕೊಡುವುದು ಸುಲಭವಲ್ಲ.

ಆಟ್ಕಿನ್ನನು ಉತ್ತರಕೊಟ್ಟನು. ಬಿಡಿಬಿಡಿಯಾದ ಪೂರ್ವನಿರ್ಣಯಗಳ ಹಿಂದೆ ಒಂದು ಸಾಮಾನ್ಯ ತತ್ತ್ವವು ಇದ್ದೇ ತೀರಬೇಕೆಂದು ಅವನ ಮತ. ಲೂಕನ ಸುವಾರ್ತೆಯಲ್ಲಿ ಧರ್ಮಶಾಸ್ತ್ರಿಯೊಬ್ಬನು ಕ್ರಿಸ್ತನನ್ನು ಕೇಳಿದ, ನನ್ನ ನೆರೆಯವನು ಯಾರು ಎಂಬ ಪ್ರಶ್ನೆಯನ್ನು ಅವನು ಎತ್ತಿಕೊಂಡನು. ನೆರೆಯವನನ್ನು ಪ್ರೀತಿಸು ಎಂಬ ನೀತಿಯು ನ್ಯಾಯಸ್ಥಾನಕ್ಕೆ ಬಂದಾಗ ನೆರೆಯವನಿಗೆ ಕೇಡುಮಾಡಬೇಡ ಎಂದಾಗುವುದು. ನೆರೆಯವನಾರೆಂಬ ಪ್ರಶ್ನೆಗೆ ಅಲ್ಲಿ ಸಂಕುಚಿತವಾದ ಉತ್ತರವೇ ದೊರೆಯುವುದು. ನನ್ನ ಕೃತ್ಯದಿಂದಾಗಲಿ ಕರ್ತವ್ಯಲೋಪದಿಂದಾಗಲಿ ಯಾರು ಅಷ್ಟು ನಿಕಟವಾಗಿಯೂ ನೇರವಾಗಿಯೂ ಬಾಧೆಗೊಳ್ಳುವರೋ, ಆ ಕೃತ್ಯವನ್ನು ಮಾಡುವಾಗ ಯಾರನ್ನು ನಾನು ಯುಕ್ತವಾಗಿ ಮನಸ್ಸಿನಲ್ಲಿಡಬೇಕಾಗಿತ್ತೋ, ಅವರೇ ನನ್ನ ನೆರೆಯವರು. ಇಲ್ಲಿ ನೆರೆಯೆಂಬುದನ್ನು ಮನೆಯ ಗೋಡೆಯಿಂದ ಅಳೆಯತಕ್ಕದ್ದಲ್ಲ. ಕೃತ್ಯದ ಫಲವು ಮುಟ್ಟುವ ದೂರದಿಂದ ಅಳೆಯತಕ್ಕದ್ದು. ಪೇಸ್ಲಿಯಲ್ಲಿ ಸೀಸೆಯನ್ನು ತುಂಬಿದವನಿಗೆ ಗ್ಲಾಸ್ಗೊದಿಂದ ಬಂದ, ಅವನೆಂದೂ ಕಾಣದ ಹೆಂಗಸು ನೆರೆಯವಳಾದುದು ಹೀಗೆ.

ಸಂಕುಚಿತವಾದ ಉತ್ತರ ಎಂಬ ಮಾತನ್ನು ಬಹುಮಂದಿ ಓದುಗರು ದಾಟಿಹೋಗಿದ್ದಾರೆ. ಸಾಮತಿಯಲ್ಲಿ ಕಳ್ಳರ ಪೆಟ್ಟಿಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ನೋಡಿಯೂ ಯಾಜಕನೂ ಲೇವಿಯನೂ ಹಾದುಹೋಗುತ್ತಾರೆ. ನಿಂತು ಉಪಚರಿಸಿದವನು ಸಮಾರ್ಯದವನು. ಆಟ್ಕಿನ್ನನ ತತ್ತ್ವದ ಪ್ರಕಾರ ಹಾದುಹೋದ ಆ ಇಬ್ಬರ ಮೇಲೆ ದಾವೆಹೂಡುವುದಕ್ಕೆ ಆಧಾರವಿಲ್ಲ. ಅಪರಿಚಿತನನ್ನು ಕಾಪಾಡಬೇಕೆಂಬ ಸಾಮಾನ್ಯ ಕರ್ತವ್ಯವನ್ನು ಇಂಗ್ಲೆಂಡಿನ ನ್ಯಾಯವು ಅಂದೂ ಹೊರಿಸಲಿಲ್ಲ, ಬಳಿಕವೂ ಹೊರಿಸಿಲ್ಲ. ಅವನು ಸಾಮತಿಯಿಂದ ಎತ್ತಿಕೊಂಡುದು ಧರ್ಮಶಾಸ್ತ್ರಿಯ ಪ್ರಶ್ನೆಯನ್ನು, ಕ್ರಿಸ್ತನ ಉತ್ತರವನ್ನಲ್ಲ. ತೀರ್ಪಿನ ಕೊನೆಯಲ್ಲಿ ಅವನು ಇನ್ನೂ ಕಿರಿದಾದ ವಾಕ್ಯವನ್ನೇ ನೆಲೆಗೊಳಿಸಿದನು: ಮಧ್ಯೆ ಪರೀಕ್ಷಿಸುವ ಯುಕ್ತವಾದ ಸಂಭವವಿಲ್ಲದಂತೆ, ತನ್ನ ಕೈಬಿಟ್ಟ ರೂಪದಲ್ಲಿಯೇ ಬಳಸುವವನಿಗೆ ಮುಟ್ಟಲೆಂದು ಸರಕನ್ನು ಮಾರುವ ತಯಾರಕನು ಆ ಬಳಸುವವನಿಗೆ ಎಚ್ಚರಿಕೆಯ ಕರ್ತವ್ಯವುಳ್ಳವನು. ಲಾರ್ಡ್ ಥ್ಯಾಂಕರ್ಟನ್ನನು ಇದೇ ಅರ್ಥದಲ್ಲಿ, ಸೀಸೆಯನ್ನು ಮುಚ್ಚಿದುದರಿಂದಲೇ ತಯಾರಕನು ಕುಡಿಯುವವನೊಡನೆ ನೇರವಾದ ಸಂಬಂಧಕ್ಕೆ ಬಂದನೆಂದನು. ಅಲಕ್ಷ್ಯದ ವರ್ಗಗಳು ಎಂದೂ ಮುಗಿದುಹೋಗುವುದಿಲ್ಲವೆಂದು ಬಾಗಿಲನ್ನು ಅರೆತೆರೆದಿಟ್ಟವನು ಲಾರ್ಡ್ ಮ್ಯಾಕ್‌ಮಿಲನ್.

ಆದಕಾರಣ ಆಲ್ಡರ್‌ಸನ್ನನ ಪ್ರಶ್ನೆಗೆ ಸಿಕ್ಕಿದ ಉತ್ತರವು ಇಷ್ಟು: ಎಷ್ಟನೆಯ ಹೆಜ್ಜೆಯೆಂದು ಎಣಿಸಬೇಕಾಗಿಲ್ಲ, ಹೆಜ್ಜೆಯಿಡುವವನ ಕಣ್ಣಿಗೆ ಕಾಣಬೇಕಾಗಿದ್ದವರು ಯಾರೆಂದು ನೋಡಬೇಕು. ಎಲ್ಲೆಯು ಅಳಿಸಿಹೋಗಲಿಲ್ಲ, ಕರಾರಿನ ಕಾಗದದಿಂದ ಮನುಷ್ಯನ ಮುಂದಾಲೋಚನೆಗೆ ಅದು ಸ್ಥಳಾಂತರವಾಯಿತು.

೬

ಈ ವ್ಯಾಜ್ಯದ ಸುತ್ತ ಬೆಳೆದ ದಂತಕಥೆಯೊಂದನ್ನು ಇಲ್ಲಿ ಪರೀಕ್ಷಿಸಬೇಕಾಗಿದೆ. ಲಾರ್ಡ್ಸ್ ಸಭೆಯ ತೀರ್ಪಾದ ಮೇಲೆ ಸಂಗತಿಗಳ ವಿಚಾರಣೆ ನಡೆದು, ಸೀಸೆಯಲ್ಲಿ ಬಸವನಹುಳುವೇ ಇರಲಿಲ್ಲವೆಂದು ಗೊತ್ತಾಯಿತೆಂಬ ವಿನೋದದ ಮಾತನ್ನು ನ್ಯಾಯಾಧಿಪತಿ ಮ್ಯಾಕಿನನ್ ೧೯೪೨ರಲ್ಲಿ ಭಾಷಣವೊಂದರಲ್ಲಿ ಹೇಳಿದನು. ೧೯೫೪ರಲ್ಲಿ ಅದು ಇಂಗ್ಲೆಂಡಿನ ಅಪೀಲು ನ್ಯಾಯಸ್ಥಾನದ ತೀರ್ಪಿನೊಳಗೂ ನುಸುಳಿತು. ಇದು ನಿಜವಲ್ಲ. ವಿಚಾರಣೆಯು ನಡೆಯಲೇ ಇಲ್ಲ. ಸ್ಟೀವನ್‌ಸನ್ ೧೯೩೨ರ ನವೆಂಬರಿನಲ್ಲಿ ತೀರಿಕೊಂಡನು. ಬಳಿಕ ಅವನ ಕಡೆಯವರು ಹಣಕೊಟ್ಟು ರಾಜಿಮಾಡಿಕೊಂಡರು. ಆ ಹಣ ೨೦೦ ಪೌಂಡು ಎಂದು ಹೇಳುವುದುಂಟು. ಹುಳುವು ಇತ್ತೆಂದೂ ಸ್ಥಾಪಿತವಾಗಲಿಲ್ಲ, ಇಲ್ಲವೆಂದೂ ಸ್ಥಾಪಿತವಾಗಲಿಲ್ಲ.

ಇದರಿಂದ ತೀರ್ಪಿನ ಬಲವು ಕುಗ್ಗುವುದೇ? ಇಲ್ಲ. ಸ್ಕಾಟ್ಲೆಂಡಿನ ಪದ್ಧತಿಯಲ್ಲಿ, ವಾದಿಯು ಹೇಳುವುದೆಲ್ಲವೂ ನಿಜವೆಂದೇ ಇಟ್ಟುಕೊಂಡರೂ ಅವಳಿಗೆ ಹಕ್ಕುಂಟೇ ಎಂಬ ಪ್ರಶ್ನೆಯನ್ನು ಮೊದಲು ತೀರ್ಮಾನಿಸಬಹುದು. ಲಾರ್ಡ್ಸ್ ಸಭೆಯ ಮುಂದಿದ್ದುದು ಆ ಒಂದು ಪ್ರಶ್ನೆ. ವಿಂಟರ್‌ಬಾಟಮ್ಮನ ವ್ಯಾಜ್ಯವೂ ಸಾಕ್ಷ್ಯಗಳ ವಿಚಾರಣೆಯಿಲ್ಲದೆ, ಇಂಥದೇ ಕಾನೂನಿನ ಆಕ್ಷೇಪಣೆಯ ಮೇಲೆ ಇತ್ಯರ್ಥವಾದುದು. ಗೋಡೆಯನ್ನು ಕಟ್ಟಿದ ತೀರ್ಪೂ ಅದನ್ನು ಕೆಡಹಿದ ತೀರ್ಪೂ ಎರಡೂ ‘ಹಾಗಿದ್ದರೆ’ ಎಂಬ ಮಾತಿನ ಮೇಲೆಯೇ ನಿಂತಿರುವುದನ್ನು ನೋಡಿದರೆ, ಕರ್ತವ್ಯದ ಪ್ರಶ್ನೆಯು ನಡೆದ ಸಂಗತಿಗಿಂತಲೂ ಮೊದಲಿನದು, ಅದನ್ನು ಅವಲಂಬಿಸದೆಯೇ ವಿಚಾರಿಸಬೇಕಾದುದು ಎಂಬುದು ವಿಶದವಾಗುತ್ತದೆ.

೭

ಮುಂದಿನ ಇತಿಹಾಸವು ಎಲ್ಲೆಯು ಹಿಂದುಮುಂದಾಗಿ ಚಲಿಸಿದ ಕಥೆ. ೧೯೩೫ರಲ್ಲಿ ಪ್ರಿವಿ ಕೌನ್ಸಿಲ್ ಆಸ್ಟ್ರೇಲಿಯದಿಂದ ಬಂದ ಅಪೀಲಿನಲ್ಲಿ, ಉಣ್ಣೆಯ ಒಳ ಉಡುಪಿನಲ್ಲಿ ಉಳಿದಿದ್ದ ರಾಸಾಯನಿಕದಿಂದ ಚರ್ಮರೋಗ ಹಿಡಿದ ವೈದ್ಯನೊಬ್ಬನಿಗೆ ಇದೇ ತತ್ತ್ವದ ಮೇಲೆ ಜಯವನ್ನು ಕೊಟ್ಟಿತು. ನಿಯಮವು ಮುಚ್ಚಿದ ಸೀಸೆಗಷ್ಟೇ 삼ೀಮಿತವೆಂಬ ವಾದವು ಅಲ್ಲಿ ಬಿದ್ದುಹೋಯಿತು. ಆದರೆ ೧೯೪೨ರಲ್ಲಿ ಲಾರ್ಡ್ಸ್ ಸಭೆಯು ಬೌರ್‌ಹಿಲ್ ಎಂಬ ಗರ್ಭಿಣಿಯಾದ ಮೀನುಮಾರುವವಳ ದಾವೆಯನ್ನು ತಳ್ಳಿಹಾಕಿತು. ಎಡಿನ್‌ಬರೊವಿನಲ್ಲಿ ಟ್ರಾಮಿನ ಆಚೆಯ ಮಗ್ಗುಲಲ್ಲಿದ್ದ ಅವಳು ಮೋಟಾರ್‌ಸೈಕಲ್ಲಿನ ಅಪಘಾತದ ಶಬ್ದವನ್ನು ಕೇಳಿ ಆಘಾತಗೊಂಡಿದ್ದಳು. ಮಗುವು ಸತ್ತು ಹುಟ್ಟಿತು. ಸವಾರನು ಅವಳನ್ನು ಮನಸ್ಸಿನಲ್ಲಿಡಬೇಕಾಗಿರಲಿಲ್ಲ, ಆದಕಾರಣ ಅವಳು ನೆರೆಯವಳಲ್ಲ ಎಂದಾಯಿತು. ಕೂಡಿಸಿಕೊಳ್ಳುವ ಸೂತ್ರವೇ ಹೊರಗಿಡುವ ಸೂತ್ರವೂ ಆದುದು ಹೀಗೆ.

ಹಣದ ನಷ್ಟದ ವಿಷಯದಲ್ಲಿ ೧೮೯೩ರ ಸರ್ವೇಯರನ ತೀರ್ಪು ಎಪ್ಪತ್ತು ವರ್ಷ ನಿಂತು, ೧೯೬೩ರ ಹೆಡ್ಲಿ ಬರ್ನ್ ವ್ಯಾಜ್ಯದಲ್ಲಿ ತನ್ನ ಬಲವನ್ನು ಕಳೆದುಕೊಂಡಿತು. ನಂಬಿಕೆಯಿಟ್ಟು ಕೇಳಿದವನಿಗೆ ಅಲಕ್ಷ್ಯದಿಂದ ಹೇಳಿದ ಮಾತಿಗೂ ಹೊಣೆಯುಂಟಾಗಬಹುದೆಂದು ನಿರ್ಣಯವಾಯಿತು. ಬಕ್‌ಮಾಸ್ಟರನು ಎತ್ತಿದ ಮನೆಯ ಪ್ರಶ್ನೆಯು ೧೯೭೭ರ ಆನ್ಸ್ ವ್ಯಾಜ್ಯದಲ್ಲಿ ಮರಳಿ ಬಂದಿತು. ಅಡಿಪಾಯವನ್ನು ಸರಿಯಾಗಿ ಪರೀಕ್ಷಿಸದ ಪುರಸಭೆಯೂ ವಾಸಿಸುವವರಿಗೆ ಹೊಣೆಯಾಗಬಹುದೆಂದು ಅಲ್ಲಿ ಹೇಳಿದರು. ೧೯೯೦ರಲ್ಲಿ ಮರ್ಫಿ ವ್ಯಾಜ್ಯದಲ್ಲಿ ಅದೇ ಸಭೆಯು ಆ ಹೆಜ್ಜೆಯನ್ನು ಹಿಂತೆಗೆದುಕೊಂಡು, ದೇಹಕ್ಕೆ ಕೇಡಾಗದೆ ದೋಷವನ್ನು ಸರಿಪಡಿಸುವ ಖರ್ಚು ಮಾತ್ರ ಬಿದ್ದಾಗ ಈ ದಾರಿಯಲ್ಲಿ ಪರಿಹಾರವಿಲ್ಲವೆಂದಿತು. ಅದೇ ವರ್ಷದ ಕಪಾರೊ ತೀರ್ಪು ಮುಂದಾಲೋಚನೆ, ನಿಕಟತೆ, ಕರ್ತವ್ಯವನ್ನು ಹೊರಿಸುವುದು ನ್ಯಾಯವೂ ಯುಕ್ತವೂ ಆಗಿರುವಿಕೆ ಎಂಬ ಮೂರನ್ನು ಹೇಳಿತು. ೨೦೧೮ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ರಾಬಿನ್‌ಸನ್ ವ್ಯಾಜ್ಯದಲ್ಲಿ, ಪ್ರತಿಸಲವೂ ಈ ಮೂರನ್ನು ಹೊಸದಾಗಿ ತೂಗಬೇಕಾಗಿಲ್ಲ, ನೆಲೆಗೊಂಡ ನಿರ್ಣಯಗಳಿಂದ ಹೋಲಿಕೆ ಹಿಡಿದು ಒಂದೊಂದೇ ಹೆಜ್ಜೆ ಸಾಗಬೇಕೆಂದು ಹೇಳಿತು. ಆಲ್ಡರ್‌ಸನ್ನನ ಹೆಜ್ಜೆಯ ಮಾತು ಇನ್ನೂ ಸತ್ತಿಲ್ಲ.

ಭಾರತದ ನ್ಯಾಯಸ್ಥಾನಗಳೂ ಈ ತತ್ತ್ವವನ್ನು ಇಂಗ್ಲೆಂಡಿನಿಂದಲೇ ಸ್ವೀಕರಿಸಿದುವು. ಅದರೊಡನೆ ಎಲ್ಲೆಯ ಕಷ್ಟವೂ ಬಂದಿತು. ದೆಹಲಿಯ ಚಾಂದನಿ ಚೌಕದಲ್ಲಿದ್ದ ಪುರಸಭೆಯ ಹಳೆಯ ಗಡಿಯಾರದ ಗೋಪುರವು ಕುಸಿದು ಜನರು ಸತ್ತಾಗ, ದಾರಿಯ ಪಕ್ಕದ ಕಟ್ಟಡವನ್ನು ಸುಸ್ಥಿತಿಯಲ್ಲಿಡುವುದು ಅದರ ಒಡೆಯನ ಕರ್ತವ್ಯ, ದೋಷವು ತಿಳಿದಿರಲಿಲ್ಲವೆಂಬ ಸಮಾಧಾನ ಸಲ್ಲದೆಂದು ಸುಪ್ರೀಂ ಕೋರ್ಟು ೧೯೬೬ರಲ್ಲಿ ಹೇಳಿತು. ೧೯೯೭ರಲ್ಲಿ ಅದೇ ಕೋರ್ಟಿನ ಮುಂದೆ ರಾಜಕೋಟೆಯ ವ್ಯಾಜ್ಯವು ಬಂದಿತು. ರಸ್ತೆಯ ಬದಿಯ ಮರವು ಬಿದ್ದು ದಾರಿಯಲ್ಲಿ ಹೋಗುತ್ತಿದ್ದವನು ಸತ್ತಿದ್ದನು. ಕೆಳಗಿನ ನ್ಯಾಯಸ್ಥಾನಗಳು ವಿಧವೆಯ ಪರವಾಗಿ ಹೇಳಿದ್ದುವು; ಸುಪ್ರೀಂ ಕೋರ್ಟು ಡಾನಹ್ಯೂವಿನ ತೀರ್ಪು ಮೊದಲ್ಗೊಂಡು ಪೂರ್ವನಿರ್ಣಯಗಳನ್ನು ವಿಮರ್ಶಿಸಿ, ನಗರಸಭೆಯು ಹೊಣೆಯಲ್ಲವೆಂದು ತೀರ್ಮಾನಿಸಿತು. ಗೋಪುರವೂ ಬಿದ್ದಿತು, ಮರವೂ ಬಿದ್ದಿತು. ಸತ್ತವರು ಇಬ್ಬಗೆಯಲ್ಲಿಯೂ ನಿರಪರಾಧಿಗಳು. ಒಂದು ಕಡೆ ಪರಿಹಾರ, ಇನ್ನೊಂದು ಕಡೆ ಬರಿಗೈ. ಈ ಅಂತರಕ್ಕೆ ಕಾರಣಗಳನ್ನು ಕೊಡಬಹುದು. ತೀರ್ಪಿನಲ್ಲಿ ಅವು ವಿಸ್ತಾರವಾಗಿ ಇವೆ. ಎಲ್ಲೆಯ ಆಚೆಗೆ ಬಿದ್ದವಳ ದುಃಖವನ್ನು ಮಾತ್ರ ಆ ಕಾರಣಗಳು ಕಡಮೆ ಮಾಡಲಾರವು.

ಎಚ್ಚರಿಕೆಯ ಕರ್ತವ್ಯದ ಚರಿತ್ರೆಯಿಂದ ತಿಳಿದುಬರುವುದು ಇದು. ಎಲ್ಲೆಯಿಲ್ಲದ ಕರ್ತವ್ಯವನ್ನು ಯಾವ ನ್ಯಾಯಸ್ಥಾನವೂ ಹೊರಿಸಲಾರದು; ೧೮೪೨ರ ನ್ಯಾಯಾಧಿಪತಿಗಳ ಈ ಅರಿವು ಇಂದಿಗೂ ಸುಳ್ಳಾಗಿಲ್ಲ. ಆದರೆ ಎಲ್ಲೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಅನುಕೂಲವಾಗಿ ಕೈಗೆ ಸಿಕ್ಕಿದ ಗೆರೆಯಿಂದ ನಿರ್ಧರಿಸಿದರೆ, ಕುಂಟನಾದ ಸಾರಥಿಯು ಬರಿಗೈಯಲ್ಲಿ ಮನೆಗೆ ಹೋಗಬೇಕಾಗುತ್ತದೆ. ಆಟ್ಕಿನ್ನನು ಕಲಿಸಿದುದು ಎಲ್ಲೆಯನ್ನು ಎಳೆಯುವ ಮೊದಲು ನೆರೆಯವನಾರೆಂದು ಕೇಳಬೇಕೆಂಬುದನ್ನು. ೫ ಪೌಂಡಿನ ಆಸ್ತಿಯೂ ಇಲ್ಲದ ಒಬ್ಬ ಹೆಂಗಸು ಆ ಪ್ರಶ್ನೆಯನ್ನು ರಾಜ್ಯದ ಅತ್ಯುಚ್ಚ ಪೀಠದ ಮುಂದೆ ಇಟ್ಟಳು. ಅಂದಿನಿಂದ ಅದನ್ನು ಕೇಳದೆ ತೀರ್ಪು ಹೇಳುವುದು ಯಾವ ನ್ಯಾಯಾಧಿಪತಿಗೂ ಸಾಧ್ಯವಾಗಿಲ್ಲ.